ಮೊನ್ನಿದ ರಿಪೀಟ್

ಕಳದ ವಾರ ಒಬ್ಬಾವ ಒಂದು ತಾಡಪತ್ರಿ ತಂದು ನನ್ನ ಅಂಗಡಿ ಕಟ್ಟಿ ಮ್ಯಾಲ ಧೊಪ್ಪಂತ ಒಗದ. "ಅಕ್ಕಾರ, ಅಂಚು ಹರದೈತಿ, ಸಂಜಿಕ ಬೇಕ್ರಿ" ಅಂದ. ನಾ ಮಡಿಕಿ ಬಿಚ್ಚಿದ್ನಿ. ಒಳಗಿಂದ ಕೆರಿ ಪಾಚಿ ವಾಸನಿ, ತೊಯ್ದ ಹಗ್ಗದ ವಾಸನಿ ಎರಡೂ ಕೂಡಿ ಬಂದ್ವು ನೋಡ್ರಿ, ನನ್ನ ಮಾರಿ ಒಮ್ಮೆಲೆ ಕಾದ ತವಾ ಆತು. "ಏನಾತ್ರಿ ಅಕ್ಕಾರ, ಆರಾಮಿಲ್ಲೇನು?" ಅಂತ ಆ ಪಾಪದವ ಗಾಬರಿಯಾದ. ಏನಿಲ್ಲೋ ಮಾರಾಯಾ, ನಾಚಿಕಿ ಬಂತು, ಅಷ್ಟ. ತಾಡಪತ್ರಿ ವಾಸನಿ ನೋಡಿ ನಾಚಿಕಿ ಪಡೂ ಹೆಣಮಗಳು ಜಗತ್ತಿನ್ಯಾಗ ನಾ ಒಬ್ಬಾಕಿನ ಇರಬೇಕು.

ನನ್ನ ಪೋಸ್ಟ್ ಓದಾವ್ರಿಗೆ ಗೊತ್ತೈತಿ, ನಂದು ಮಹಾಂತೇಶ ನಗರದಾಗ ಹೊಲಿಗಿ ಅಂಗಡಿ. ಬ್ಲೌಸ್ ಹೊಲ್ಯಾಂಗಿಲ್ಲ. ಬ್ಲೌಸ್ ಹೊಲದ್ರ "ತೋಳ ಬಿಗಿ ಆತು" ಅಂತ ದಿನಾ ಒಬ್ಬಾಕಿ ಜೋಡಿ ಜಗಳ. ನಂದು ದಪ್ಪ ಹೊಲಿಗಿ. ತಾಡಪತ್ರಿ, ರೆಕ್ಸಿನ್, ಗಾಡಿ ಸೀಟು, ಸಾಲಿ ಬ್ಯಾಗು. ಇವು ಬಾಯಿ ಬಿಡಂಗಿಲ್ಲ. ಬೈಲಹೊಂಗಲದಿಂದ ಲಗ್ನಾಗಿ ಬಂದಾಕಿ ನಾ, ಹತ್ತನೆತ್ತಾ ತನಕ ಕಲತದ್ದು, ಹೆಸರು ಸುನಂದಾ. ಇಂಥಾಕಿ ಎರಡು ವರ್ಷದ ಹಿಂದಿನ ಮಳಗಾಲದಾಗ ಹಾಯಿದೋಣಿ ನಡಸಾಕ ಕಲತ್ಲು. ನಗ್ರಿ. ಬೆಳಗಾವ್ಯಾಗ ಸಮುದ್ರ ಯಾವಾಗ ಬಂತು ಅಂತ ಕಮೆಂಟಿನ್ಯಾಗ ಕೇಳ್ರಿ. ಅದಕ್ಕಿಂತ ಹೆಚ್ಚು ಚುಚ್ಚು ಮಾತು ನಾ ಮನ್ಯಾಗ ಕೇಳೀನಿ.

ಮಿರಗ ಮಳಿ ಇನ್ನ ಹಿಡದಿದ್ದಿಲ್ಲ. ಆವಾಗ ನನ್ನ ಅಂಗಡಿ ತುಂಬ ತಾಡಪತ್ರಿ, ಕಾಲಿಡಾಕ ಜಾಗ ಇರಂಗಿಲ್ಲ. ಅಂಥಾದ್ರಾಗ ಒಬ್ಬರು ಹಿರ್ಯಾರು ಬಂದ್ರು. ಬಿಳಿ ಮೀಸಿ, ನೆಟ್ಟನ ಬೆನ್ನು, ಬಗಲಾಗ ಒಂದು ಬಿಳಿ ಬಟ್ಟಿ ಸುರುಳಿ. ನಾ ಮಾರಿ ಎತ್ತದನ "ತಾಡಪತ್ರಿ ಅಲ್ಲಿ ಇಡ್ರಿ, ಎಂಟ ದಿನ ಬಿಟ್ಟ ಬರ್ರಿ" ಅಂದ್ನಿ.

"ತಾಡಪತ್ರಿ ನಾಹಿ ಬಾಳ" ಅಂದ್ರು. "ಇದು ಶೀಡ. ಹಾಯಿ. ದೋಣೀದು."

ಖಾನಾಪುರದವ್ರು. ಮನಿ ಮಾತು ಮರಾಠಿ, ಬಾಳ ಅಂದ್ರ ಮಗಳ ಅಂದಂಗ. ಕನ್ನಡ ನಮ್ಮಷ್ಟ ಚಲೋ. ವಯಸ್ಸಿನ್ಯಾಗ ನೌಕಾಪಡೆಗೆ ಹೋಗಿ, ಅಲ್ಲೇ ಇದ್ದು, ಪೆನ್ಶನ್ ಹಿಡಕೊಂಡು ಊರಿಗೆ ಬಂದಾವ್ರು. ಊರಾಗ ಎಲ್ಲಾರೂ ಅವರಿಗೆ ನೇವಿ ಕಾಕಾ ಅಂತಿದ್ರು, ನಾನೂ ಕಾಕಾ ಅಂದ್ನಿ. ಗೋವಾದಾಗ ಯಾರೋ ಬ್ಯಾಡಂತ ಬಿಸಾಕಿದ್ದ ಒಂದು ಸಣ್ಣ ಹಾಯಿದೋಣಿ ತಂದು, ಮನಿ ಹತ್ರದ ಕೆರ್ಯಾಗ ಬಿಟ್ಟಿದ್ರು. ಹಾಯಿ ಹರದಿತ್ತು. ನಾ ಹೊಲದು ಕೊಟ್ನಿ. "ಕಟ್ಟಿದ ಮ್ಯಾಲ ಹೆಂಗ ಕುಂದರ್ತದ ಬಂದ ನೋಡು, ಅಂದ್ರ ನಿಂಗ ತಿಳೀತದ" ಅಂದ್ರು. ಒಂದು ಐತವಾರ ಸ್ಕೂಟಿ ತಗೊಂಡು ಹೋದ್ನಿ.

ಮನಿ ಬಾಗಲದಾಗ ಅವರ ಹೆಂಡ್ತಿ ಕಾಕು ನಿಂತಿದ್ರು. ಕಾಕುನ ತೌರಮನಿ ಕಿತ್ತೂರು. ಮಾತು ಅಂದ್ರ ಉಪ್ಪು ಖಾರ ಹಚ್ಚಿದ ಪ್ಯಾರಲಕಾಯಿ. "ಬಾರವಾ" ಅಂದ್ರು. "ನನ್ನ ಸವತಿ ಸೀರಿ ಹೊಲದಾಕಿ ನೀನ ಏನು? ಹಿತ್ತಲದಾಗ ಮಲಗ್ಯಾಳ ನೋಡ ಹೋಗು."

ಹಿತ್ತಲದಾಗ ದೋಣಿ ಬೋರಲ ಬಿದ್ದಿತ್ತು.

ಅವತ್ತ ಕಾಕಾ ನನಗ ಜಾಕೀಟು ಹಾಕಿಸಿ ದೋಣ್ಯಾಗ ಕುಂದರಿಸಿದ್ರು. ಹಗ್ಗ ಕೈಗೆ ಕೊಟ್ರು. ಗಾಳಿ ಬಂತು. ನಾ ಹೊಲದ ಬಟ್ಟಿ, ನನ್ನ ಮಶೀನ್ಯಾಗ ಹಾದ ಬಟ್ಟಿ, ಹೊಟ್ಟಿ ಉಬ್ಬಿಸಿ ನನ್ನ ಜಗ್ಗಿಕೊಂಡ ಹೊಂಟಬಿಡ್ತು. ಇಂಜಿನ್ನಿಲ್ಲ, ಎತ್ತಿಲ್ಲ, ಗಂಡಿಲ್ಲ. ನಾ ಚೀರಿದ್ನಿ. ಹೆದರಿ ಅಲ್ಲ. ನಲವತ್ತೈದು ದಾಟಿದ ಹೆಣಮಗಳು, ಎರಡು ಮಕ್ಕಳ ತಾಯಿ, ಕೆರಿ ನಡುವ ಕುಂತು ಸಣ್ಣ ಹುಡಿಗಿ ಚೀರಿದಂಗ ಚೀರಿದ್ನಿ. ದಂಡ್ಯಾಗ ಎಮ್ಮಿ ತೊಳ್ಯಾವ್ರು ಹೊಳ್ಳಿ ನೋಡಿದ್ರು. ಮೈಯೆಲ್ಲಾ ನಾಚಿಕಿ.

ಮನಿಗೆ ಬಂದು ಏನಂದ್ನಿ? "ಖಾನಾಪುರದಾಗ ತಾಡಪತ್ರಿ ಆರ್ಡರ್ ಸಿಕ್ಕೈತಿ, ಐತವಾರಕ್ಕೊಮ್ಮೆ ಹೋಗಬೇಕು" ಅಂದ್ನಿ. ಕಳ್ಳತನ ಮಾಡಿದ್ರೂ ಅಷ್ಟು ಸುಳ್ಳ ಹೇಳ್ತಿದ್ದಿಲ್ಲ. ಆಟ ಆಡಾಕ ಹೋಗ್ತೀನಿ ಅನ್ನಾಕ ನಮ್ಮಂಥಾವ್ರಿಗೆ ಬಾಯಿ ಬರಂಗಿಲ್ರಿ. ಜಾತ್ರಿಗೆ ಹೋಗಬಹುದು, ಮಠಕ್ಕ ಹೋಗಬಹುದು, ದವಾಖಾನಿಗೆ ಹೋಗಬಹುದು. ಸುಮ್ನ ಖುಷಿಗಂತ ಎಲ್ಲಿಗೆ ಹೋಗೂದು? ಮೂರನೆ ಐತವಾರ ತೊಯ್ದ ತಪ್ಪಡಿಯಾಗಿ ಬಂದ ಮ್ಯಾಲ ನಮ್ಮ ಮನಿಯವ್ರು "ಯಾಕ, ತಾಡಪತ್ರಿ ನೀರಾಗ ಮುಳಗಿಸಿ ಹೊಲಿಯಾಕ ಹತ್ತೀಯೇನು?" ಅಂದ್ರು. ಖರೇ ಹೇಳಿದ್ನಿ. ಅವರು ನಕ್ಕರು. ನಕ್ಕದ್ದಷ್ಟ ಅಲ್ಲ, ಓಣಿ ತುಂಬ ಹೇಳಿಕೊಂಡ ಬಂದ್ರು. ಮುಂದ ಒಂದು ತಿಂಗಳು ನಾ ಕಾಯಿಪಲ್ಯಾ ತರಾಕ ಹೋದ್ರ "ಏನ್ರಿ ಕ್ಯಾಪ್ಟನ್ ಬಾಯಿ" ಅನ್ನೂದು.

ಆದ್ರೂ ಹೋಗೂದ ಬಿಡಲಿಲ್ಲ. ವಾರದಾಗ ಆರ ದಿನ ನಾ ಮಂದಿ ಹರದದ್ದು ಹೊಲೀತಿದ್ನಿ, ಆ ಅರ್ಧ ದಿನ ಅಷ್ಟ ನಂದು.

ಆ ವರ್ಷ ಪುಷ್ಯಾ ಮಳ್ಯಾಗ ಗಾಳಿ ಅಂದ್ರ ಗಾಳಿ. ಖಾನಾಪುರದ ಹಂಚಿನ ಭಟ್ಟಿ ಹೊಗಿ ಮ್ಯಾಲ ಏಳದನ ನೆಲಾ ಹಿಡದ ಓಡತಿತ್ತು. ಅಂಥಾ ಗಾಳ್ಯಾಗ ಕಾಕಾ ಒಬ್ಬರ ಹೋಗಿ, ಬೂಮ್ ಬಡದು ಹಣಿ ಒಡಕೊಂಡ ಬಂದ್ರು. ಬೂಮ್ ಅಂದ್ರ ಹಾಯಿ ಕೆಳಗಿನ ಅಡ್ಡ ಕೋಲು, ಅಲ್ಯುಮಿನಮ್ ಪೈಪು. ಗಾಳಿ ದಿಕ್ಕು ಬದಲಾದ್ರ ಅದು ದೋಣಿ ಈ ಕಡಿಂದ ಆ ಕಡಿಗೆ ಬಾಗಲಾ ಬಡದಂಗ ಬರ್ತದ, ತಲಿ ಬಗ್ಗಸಬೇಕು. ಕಾಕಾ ಬಗ್ಗಿಸಲಿಲ್ಲ. ಹಣಿಗೆ ಹೊಲಿಗಿ ಬಿತ್ತು.

ಮರು ಐತವಾರ ಕಾಕು ಚಹಾ ಕೊಡದನ, ಸೆರಗು ನಡುವಿಗೆ ಸಿಗಿಸಿ ನಿಂತು ಹೇಳಿದ್ರು. "ಅಹೋ, ಕೇಳ್ರಿ. ಸುನಂದಾ, ನೀನೂ ಕೇಳು. ಇನ್ನೊಂದ ಸಲ ಏನರ ಹೆಚ್ಚು ಕಡಿಮಿ ಆತಂದ್ರ ಈ ದೋಣಿ ಭಂಗಾರಕ್ಕ ಹಾಕ್ತೀನಿ. ಖಂಡೋಬಾನ ಆಣಿ."

ನಾ ಬೈಲಹೊಂಗಲದಾಕಿ. "ದೋಣಿ ಮಾರಿ ಬಂಗಾರ ಮಾಡಸ್ತೀರೇನ್ರಿ ಕಾಕು?" ಅಂತ ಕೇಳಿದ್ನಿ.

ಕಾಕಾ ಹಣಿ ಹಿಡಕೊಂಡು ನಕ್ಕರು, ಹೊಲಿಗಿ ಜಗ್ಗಿ ಮತ್ತ ಅಯ್ಯಯ್ಯೋ ಅಂದ್ರು. ಮರಾಠ್ಯಾಗ ಭಂಗಾರ ಅಂದ್ರ ಮೋಡಕಾ. ಗುಜರಿ. ಲಗ್ನಾಗಿ ಇಪ್ಪತ್ತ ವರ್ಷದ ಮ್ಯಾಲ ಆದ್ರೂ ನನಗ ಗೊತ್ತಿರಲಿಲ್ಲ, ನೋಡ್ರಿ ನನ್ನ ಶಾಣ್ಯಾತನ. ಕಾಕು ಮಾತ್ರ ನಗಲಿಲ್ಲ. ಅವರು ಆಣಿ ಮಾಡಿದ್ದು ಖರೇ ಇತ್ತು, ನನಗ ತಿಳೀತು. ದೋಣಿ ಹೋದ್ರ ನನ್ನ ಐತವಾರ ಹೋತು.

ಕಾಕಾಗೂ ತಿಳೀತು. ಹುಬ್ಬಿ ಮಳಿ ಹೊತ್ತಿಗೆ ಬೂಮ್ ಬಿಚ್ಚಿ ಪಡಸಾಲ್ಯಾಗ ಎರಡು ಕುರ್ಚಿ ಮ್ಯಾಲ ಅಡ್ಡ ಇಟ್ರು. ಅದಕ್ಕ ಹಚ್ಚಿದ್ದ ಕೊಂಡಿ, ಪಟ್ಟಿ ಎಲ್ಲಾ ಸಡಲಾಗಿ ಗಲಗಲ ಅಂತಿದ್ವು. "ಎಲ್ಲಾ ಕಿತ್ತು ಹೊಸಾ ರಿವೆಟ್ ಹೊಡಿಯೂಣು" ಅಂದ್ರು.

ಮೊದಲ ಒಂದು ಸಣ್ಣ ಕೊಂಡಿ ಇತ್ತು, ಹಗ್ಗದ ತುದಿ ಸಿಗಸಾಕ. ಅದಕ್ಕ ಭಾರ ಏನಿಲ್ಲ. "ಅಲ್ಯುಮಿನಮ್ಮಿಂದು ನಡೀತದ, ನಿಮ್ಮ ಬೆಳಗಾವ್ಯಾಗ ತಗೊಂಡ ಬಾ" ಅಂತ ಕಾಕಾ ಸೈಜು ಹೇಳಿ ಕಳಿಸಿದ್ರು. ನಾ ಖಡೇ ಬಜಾರದಾಗ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದ್ನಿ. ಗಂಡಸ್ರ ತುಂಬಿದ್ರು. ಹಿಂದ ನಿಂತು "ರಿವೆಟ್ ಐತೇನ್ರಿ?" ಅಂದ್ನಿ.

ಅಂಗಡಿಯಂವ "ರಿಪೀಟ್?" ಅಂದ.

ಕೇಳಿಲ್ಲಂತ ತಿಳದು ನಾ ಮತ್ತ ಅಂದ್ನಿ, "ರಿವೆಟ್!"

"ಹಾಂ ರೀ, ರಿಪೀಟ್?"

ಕಿವುಡಾ ಐತೇನೋ ಅನಿಸಿ ಗಂಟಲ ಹರಕೊಂಡು ಒದರಿದ್ನಿ, "ರಿವೆಟ್ ರೀ, ರಿವೆಟ್!"

ಅಂವ ಡಬ್ಬಿ ತಗದು ಕಟ್ಟಿ ಮ್ಯಾಲ ಸುರಿವಿದ. "ಇದ ಹೌದಲ್ಲ ಅಕ್ಕಾರ? ನಮ್ಮ ಕಡೆ ಇದಕ್ಕ ರಿಪೀಟ್ ಅಂತಾರ. ನೀವು ಎಷ್ಟ ಸಲ ರಿಪೀಟ್ ಮಾಡಿದ್ರೂ ಇದ ಹೆಸರು." ಅಂಗಡಿ ಪೂರಾ ಹೊಟ್ಟಿ ಹಿಡಕೊಂಡು ನಕ್ಕಿತು. ನಾ ಪುಡಿಕಿ ಕಸಕೊಂಡು, ಯಾವ ಧಾತು, ಎಷ್ಟ ಉದ್ದ ಏನೂ ತಪಾಸ ಮಾಡದನ ಓಡಿ ಬಂದ್ನಿ. ನಸೀಬಕ್ಕ ಸರಿ ಬಂದಿದ್ವು. ಖಾನಾಪುರದಾಗ ಈ ಕಥಿ ಹೇಳಿದ್ರ ಕಾಕಾ ಕಣ್ಣಾಗ ನೀರ ಬರೂ ಹಂಗ ನಕ್ಕರು. ಅವತ್ತಿನಿಂದ ನಮ್ಮ ಮೂವರ ನಡುವ ಅದು ರಿಪೀಟ್ ಆತು.

ರಿಪೀಟ್ ಹೊಡಿಯೂದು ನೋಡಾಕ ಚಂದ. ಪೈಪಿನ ಒಳಗ ಕೈ ಹೋಗಂಗಿಲ್ಲ, ಅದಕ್ಕ ಪೊಳ್ಳ ರಿಪೀಟ್ ತೂತಿನ್ಯಾಗ ಇಟ್ಟು, ಅದರ ಬಾಲ ಇಕ್ಕಳದಂಥಾ ಗನ್ನಿನ ಬಾಯಾಗ ಕೊಟ್ಟು, ಹಿಡಿಕಿ ಒತ್ತೂದು. ಒತ್ತಿದಂಗ ಒಳಗ ಅದು ಹೂವಿನಂಗ ಅರಳಿ ಗಟ್ಟಿ ಕುಂದರ್ತದ, ಬಾಲ ಟಪ್ ಅಂತ ಕಡೀತದ. "ಪೈಪಿನ ದಪ್ಪ, ಪಟ್ಟಿ ದಪ್ಪ, ಅದರ ಮ್ಯಾಲ ಅರಳಾಕ ಒಂದಿಷ್ಟು. ಇಷ್ಟ ಉದ್ದ ಇರಬೇಕು" ಅಂದ್ರು ಕಾಕಾ. "ಗಿಡ್ಡ ಆದ್ರ ಅರಳಂಗಿಲ್ಲ, ಉದ್ದ ಆದ್ರ ಒಳಗ ವಾಂಕಡಾ, ಸೊಟ್ಟ ಆಗ್ತದ." ನನಗ ಟಿಚ್ ಬಟನ್ ಹೊಡದ ಕೈ, ಬಟ್ಟಿ ದಪ್ಪಕ್ಕ ತಕ್ಕಂಗ ಬಟನ್ ಆರಿಸೂದು ಗೊತ್ತಿತ್ತು. "ತಿಳೀತ್ರಿ" ಅಂದ್ನಿ.

"ಮತ್ತ ಒಂದು ಕೇಳು. ಅಂಗಿ ಗುಂಡಿ ಅಡ್ಡ ಜಗ್ಗಿದ್ರ?"

"ದಾರ ತಡೀತದ್ರಿ."

"ನೆಟ್ಟಗ ಮ್ಯಾಲ ಎತ್ತಿ ಜಗ್ಗಿದ್ರ?"

"ಕಿತ್ತ ಕೈಯಾಗ ಬರ್ತದ."

"ರಿಪೀಟೂ ಹಂಗ. ಅದಕ್ಕ ಭಾರದ ಪಟ್ಟಿ ಪೈಪಿನ ಹೊಟ್ಟಿಗೆ ಹಚ್ಚಬಾರದು. ಕುದರಿ ಜೀನದಂಗ ಎರಡೂ ಬಾಜು ಇಳಿಬಿಟ್ಟು, ಬಗಲಾಗ ರಿಪೀಟ್ ಹೊಡೀಬೇಕು. ಅವಾಗ ಜಗ್ಗಾಟ ಅಡ್ಡ ಬೀಳ್ತದ." ಆಮ್ಯಾಲ ಒಳಗ ಕಾಕುಗ ಕೇಳೂ ಹಂಗ ಒದರಿದ್ರು. "ಅಗ, ಈ ಹುಡಿಗಿ ಭಾಳ ಶಾಣ್ಯಾಕಿ. ಒಮ್ಮೆ ಹೇಳಿದ್ರ ಸಾಕು!"

ಆ ಮಾತು ನನ್ನ ಕೆಡಿಸಿತು. ಹತ್ತನೆತ್ತಾದಾಗ ಗಣಿತದಾಗ ಬಿದ್ದು ಎದ್ದಾಕಿಗೆ ಯಾರೂ ಹಂಗ ಅಂದಿದ್ದಿಲ್ಲ. ಅವತ್ತಿನಿಂದ ನಾ ಎರಡನೆ ಸಲ ಏನೂ ಕೇಳದಂಗ ಆದ್ನಿ. ಕಾಕಾ ಇಂಗ್ಲಿಷಿನ್ಯಾಗ ಹಗ್ಗಕ್ಕೊಂದು, ಕೊಂಡಿಗೊಂದು ಹೆಸರು ಹೇಳ್ತಿದ್ರು. ನಾ ಹೂಂ ಹೂಂ ಅಂತ ಗೋಣು ಹಾಕ್ತಿದ್ನಿ. ಮನಿಗೆ ಬಂದು ಮೊಬೈಲಿನ್ಯಾಗ ಹುಡಕ್ತಿದ್ನಿ.

ಸಣ್ಣ ಕೊಂಡಿ ಕಾಕಾನ ಹಚ್ಚಿದ್ರು. ಒಂದು ರಿಪೀಟ್ ಒತ್ತಿ, ಗನ್ ಕೆಳಗಿಟ್ಟು, ಕಿಡಕಿ ಹೊರಗ ಮಳಿ ನೋಡಿದ್ರು. ಮತ್ತೊಂದು ಒತ್ತಿ, ಮತ್ತ ಮಳಿ ನೋಡಿದ್ರು. ಹಿರ್ಯಾರು, ಮಳಿ ಮ್ಯಾಲ ಪ್ರೀತಿ ಅಂದ್ಕೊಂಡ್ನಿ.

ಉಳದದ್ದು ಎಲ್ಲಾಕ್ಕಿಂತ ಭಾರದ್ದು. ಹಾಯಿ ಜಗ್ಗೂ ದೊಡ್ಡ ಹಗ್ಗ ಇರ್ತದಲ್ಲ, ಅದು ಬೂಮಿನ ಕೆಳಗ ಬಾವಿ ಗಡಗಡಿಯಂಥಾ ಒಂದು ಸಣ್ಣ ಗಡಗಡಿ ಒಳಗ ಹಾದು ಬರ್ತದ. ಆ ಗಡಗಡಿ ಹಿಡಿಯೂ ಸ್ಟೀಲ್ ಪಟ್ಟಿ. ಗಾಳಿ ಎಷ್ಟೈತೋ ಅಷ್ಟೂ ಜೋರು ಬಂದು ಬೀಳೂದು ಅದರ ಮ್ಯಾಲ. ಮುಂದಿನ ಶುಕ್ರವಾರ ಕಾಕಾನ ವಾಟ್ಸಾಪ್ ಬಂತು, ಮಾತಿನ ಮೆಸೇಜು. ತಗಡಿನ ಮ್ಯಾಲ ಮಳಿ ಬಡಿಯೂ ಸಪ್ಪಳ, ಗಾಳಿ, ನಡುವ ಕಾಕಾ. "ಸುನಂದಾ, ಗಡಗಡಿ ಪಟ್ಟಿಗೆ ಮೊನ್ನಿದ ರಿಪೀಟ್ ಬೇಕು. ಬೆಳಗಾವ್ಯಾಗ ಸಿಗದಿದ್ರ ಬಿಡು..." ಮುಂದಿನ ಮಾತಿನ ಮ್ಯಾಲ ಒಂದು ರೈಲು ಹಾದು ಹೋಗಿತ್ತು.

ಮೊನ್ನಿದ ರಿಪೀಟ್. ಮೊನ್ನೆ ತಂದದ್ದ. ನನಗ ಒಂದ ಕ್ಷಣ ಹುಳಾ ಕಡೀತು. ಮೊನ್ನೆ ತಂದದ್ದು ಮೆತ್ತಂದು, ಹಗರ ಕೆಲಸಕ್ಕ ಅಂದಿದ್ರಲ್ಲ? ಮತ್ತ ಮೊನ್ನೆ ಸಿಕ್ಕದ್ದು ಇವತ್ಯಾಕ ಸಿಗಂಗಿಲ್ಲ? "ಏನಂದ್ರಿ ಕಾಕಾ, ತಿಳೀಲಿಲ್ಲ" ಅಂತ ಬರದ್ನಿ. ಕಳಸೂ ಮುಂಚೆ ಅಳಿಸಿದ್ನಿ. ಒಮ್ಮೆ ಹೇಳಿದ್ರ ಸಾಕು ಅನಿಸಿಕೊಂಡಾಕಿ ನಾ. "ಆತ್ರಿ ಕಾಕಾ" ಅಂತ ಹಾಕಿದ್ನಿ, ಮ್ಯಾಲೊಂದು ಹೆಬ್ಬಟ್ಟು.

ಖಡೇ ಬಜಾರದ ಅದ ಅಂಗಡಿಗೆ ಹೋಗಿ, ಈ ಸಲ ಶಾಣ್ಯಾಕಿಯಂಗ ಎಲ್ಲಾರ ಮುಂದ ನಿಂತು "ಮೊನ್ನಿದ ರಿಪೀಟ್ ಕೊಡ್ರಿ" ಅಂದ್ನಿ. ಅಂಗಡಿಯಂವ ನಕ್ಕೋತ ಕೊಟ್ಟ.

ಐತವಾರ ಪುಡಿಕಿ ಕಾಕಾನ ಕೈಯಾಗ ಇಟ್ನಿ. ಕಾಕಾ ನಾಲ್ಕು ರಿಪೀಟ್ ಅಂಗೈ ಮ್ಯಾಲ ಹಾಕಿಕೊಂಡು ಒಮ್ಮೆ ಎಗರಿಸಿ ಹಿಡದ್ರು, ಕಾಳು ತೂಗಿದಂಗ. ನನ್ನ ನೋಡಿದ್ರು. ಏನೋ ಅಂತಾರ ಅಂದ್ಕೊಂಡ್ನಿ. "ಹೂಂ. ಹೊಡೆಯೂಣು" ಅಂದ್ರು. ಪಟ್ಟಿ ಜೀನದಂಗ ಕುಂದರಿಸಿ ಬಗಲಾಗ ಹೊಡದ್ರು. ಬೆಣ್ಣಿ ಒತ್ತಿದಂಗ ಒತ್ತಿಕೊಂಡ್ವು. ಕೆಲಸ ಲಗೂನ ಮುಗೀತು. ನಾ ಬೆರಳಿಲೆ ಜಗ್ಗಿ ನೋಡಿದ್ನಿ, ಗಟ್ಟಿ ಇತ್ತು.

ಚಿತ್ತಿ ಮಳ್ಯಾಗ ಒಂದಿನ ಬಿಸಲು ಬಿತ್ತು. ಭತ್ತದ ಗದ್ದಿ ಹೊಳೀತಿದ್ವು, ಗಾಳಿ ಹದ ಇತ್ತು. ಕಾಕುನ ಹೆಂಗರ ಮಾಡಿ ದೋಣಿ ಹತ್ತಸಬೇಕು, ಒಮ್ಮೆ ಕುಂತ್ರಂದ್ರ ಆಣಿ ಮರೀತಾರ ಅಂತ ನನ್ನ ಲೆಕ್ಕ. ಬೆನ್ನ ಹತ್ತಿದ್ನಿ. "ಸವತಿ ಮನಿಗೆ ಒಮ್ಮೆ ಬರ್ರಿ ಕಾಕು" ಅಂದ್ನಿ. "ನಿನ್ನ ನಾಲಿಗಿಗೆ ಬೆಂಕಿ ಹಚ್ಚಲಿ" ಅಂದ್ರು, ಆದ್ರ ಬಂದ್ರು. ಸೀರಿ ಮ್ಯಾಲ ಕೇಸರಿ ಜಾಕೀಟು, ಕೈಯಾಗ ಛತ್ರಿ. ಛತ್ರಿ ಬ್ಯಾಡ್ರಿ ಅಂದ್ರ ಕೇಳಲಿಲ್ಲ. ಮೂವರೂ ಹತ್ತಿದ್ವಿ. ಚುಕ್ಕಾಣಿ ಮತ್ತ ಹಗ್ಗ ನನ್ನ ಕೈಯಾಗ.

ಕೆರಿ ನಡುವ ಹೋಗೂ ತನಕ ಕಾಕು ಕಣ್ಣ ಮುಚ್ಚಿ ಏನೋ ಜಪ ಮಾಡ್ತಿದ್ರು. ಆಮ್ಯಾಲ ಒಂದ ಕಣ್ಣ ತಗದ್ರು. ಆಮ್ಯಾಲ ಎರಡೂ. "ಅಹೋ, ನಮ್ಮ ಮನಿ ಇಲ್ಲಿಂದ ಎಷ್ಟ ಸಣ್ಣದು ಕಾಣ್ತದ" ಅಂದ್ರು. ಕಾಕಾನ ಮಾರಿ ನೋಡಬೇಕಿತ್ತು ನೀವು.

ಹೊಳ್ಳಿಸೂ ಹೊತ್ತಿಗೆ ಗಾಳಿ ಒಮ್ಮೆಲೆ ಹಿಂದಿಂದ ಬಂತು. "ತಲಿ!" ಅಂತ ಕಾಕಾ ಒದರಿದ್ರು, ಮೂವರೂ ಬಗ್ಗಿದ್ವಿ, ಬೂಮ್ ಮ್ಯಾಲಿಂದ ಹಾದು ಆಚಿ ಕಡೆ ಹೋಗಿ ಹಗ್ಗಕ್ಕ ಝಟ್ಟನೆ ನಿಂತಿತು. ನಿಂತದ್ದಷ್ಟ. ಮರು ಕ್ಷಣ ಪಟಾಕಿ ಹಾರಿದಂಗ ಸಪ್ಪಳಾತು. ಪಟ್ಟಿ, ಗಡಗಡಿ ಎಲ್ಲಾ ಕಿತ್ತು ಹಗ್ಗದ ಬೆನ್ನ ಹತ್ತಿ ಕಾಕುನ ಕಿವಿ ಬಾಜು ಝೂಂ ಅಂತ ಹಾರಿ ಬಂದು ದೋಣಿ ತಳಕ್ಕ ಬಡೀತು. ನನ್ನ ಕೈಯಾಗಿನ ಹಗ್ಗ ಸತ್ತ ಹಾವಾತು. ನಾ ಹಿಂದಕ್ಕ ಬಿದ್ನಿ, ಕಾಕು ಹೆದರಿ ನನ್ನ ಕಡಿಗೇ ಬಂದ್ರು, ದೋಣಿ ಮಗ್ಗಲಾತು, ಮೂವರೂ ನೀರಾಗ.

ಜಾಕೀಟು ಇದ್ವು, ಯಾರೂ ಮುಳಗಲಿಲ್ಲ. ದಂಡ್ಯಾಗಿದ್ದವ್ರು ಈಜಿ ಬಂದು ಎಳಕೊಂಡ ಹೋದ್ರು. ಛತ್ರಿ ಹೋತು. ಕಾಕುನ ಕಿವಿ ಮ್ಯಾಲ ಕೂದಲೆಳಿಯಷ್ಟು ಗೀರು, ಒಂದ ಹನಿ ರಕ್ತ. ಆ ಒಂದ ಹನಿ ನಾ ಬೆರಳಿಲೆ ಒರಸಿದ್ನಿ. ಬೆರಳಷ್ಟು ಈ ಕಡೆ ಬಂದಿದ್ರ?

ಕಾಕಾ ಕೆಸರಿನ್ಯಾಗ ಕುಂತು ಬೂಮ್ ತೊಡಿ ಮ್ಯಾಲ ಇಟ್ಟುಕೊಂಡು ತೂತು ನೋಡ್ತಿದ್ರು. ರಿಪೀಟಿನ ತಲಿ ಹಾರಿ, ಅರ್ಧ ಮೈ ಪೈಪಿನ್ಯಾಗ ಉಳದಿತ್ತು. ಕತ್ತರಿಲೆ ಕತ್ತರಿಸಿದಂಗ.

"ಯಾರು ತಂದದ್ದು ಇವನ್ನ?" ಅಂದ್ರು ಕಾಕು. ದನಿ ಸಣ್ಣದಿತ್ತು, ಅದಕ್ಕ ಹೆಚ್ಚು ಅಂಜಿಕಿ ಬಂತು.

"ನಾ ತಂದದ್ದ್ರಿ" ಅಂದ್ನಿ. "ಕಾಕಾ ಹೇಳಿದ್ರು, ಮೊನ್ನಿದ ರಿಪೀಟ್ ಅಂತ."

ಕಾಕಾ ತಲಿ ಎತ್ತಿದ್ರು. "ಮೋನೆಲ್ದ" ಅಂದ್ರು. "ಮೋನೆಲ್ದ ರಿಪೀಟ್. ಮೋನೆಲ್ ಅಂತ ಒಂದು ಲೋಹ ಬಾಳ. ಸ್ಟೀಲಿನಂಗ ಗಟ್ಟಿ, ನೀರಿಗೆ ಅಂಜಂಗಿಲ್ಲ. ಬೆಳಗಾವ್ಯಾಗ ಸಿಗದಿದ್ರ ಬಿಡು, ಗೋವಾದ ವಾಸ್ಕೋದಿಂದ ತರಸ್ತೀನಿ ಅಂದಿದ್ನಿ."

ಸ್ಕೂಟಿ ಡಿಕ್ಕಿ ಒಳಗಿಂದ ಮೊಬೈಲ್ ತಂದು ಹಚ್ಚಿದ್ನಿ. ಮಳಿ, ಗಾಳಿ, ಕಾಕಾ. ಈಗ ಚೊಕ್ಕ ಕೇಳಿಸ್ತು. ಮೋನೆಲ್ದ. ಇಷ್ಟ ಸ್ವಚ್ಛ ಇದ್ದದ್ದು ಅವತ್ತ ಹೆಂಗ ಕೇಳಲಿಲ್ಲೋ ದೇವರಿಗೇ ಗೊತ್ತು. ಎಮ್ಮಿ ತೊಳ್ಯಾವ ಒಬ್ಬಾವ ಹಿಂದ ನಿಂತು ಕೇಳಿ ಕಿಸಕ್ಕಂತ ನಕ್ಕ. ಭೂಮಿ ಬಾಯಿ ಬಿಡಬೇಕು ಅಂತಾರಲ್ಲ, ಅಲ್ಲಿ ಬರೇ ಕೆಸರಿತ್ತು.

ಕಾಕು ನನಗ ಬೈಲಿಲ್ಲ. ಗಂಡನ ಕಡೆ ಹೊಳ್ಳಿದ್ರು. "ಈಕಿಗೆ ಕೇಳಸಲಿಲ್ಲ, ಆತು. ಜಿಂದಗಿಯೆಲ್ಲಾ ಹಡಗದ ಮ್ಯಾಲ ಕಳದವ್ರು ನೀವು. ಕೈಯಾಗ ಹಿಡದಾಗ ನಿಮಗೂ ತಿಳೀಲಿಲ್ಲೇನು?"

ಕಾಕಾ ಅವತ್ತ ಅಂಗೈ ಮ್ಯಾಲ ರಿಪೀಟ್ ಎಗರಿಸಿದ್ದು ನನ್ನ ಕಣ್ಣ ಮುಂದ ಬಂತು.

"ತಿಳದಿತ್ತು" ಅಂದ್ರು ಕಡೀಕ. ಬಲಗೈ ಮುಂದ ಚಾಚಿದ್ರು. ಹೆಬ್ಬಟ್ಟಿನ ಬುಡ ಗಂಟು ಕಟ್ಟಿತ್ತು. ಮುಷ್ಟಿ ಮಾಡಾಕ ಹೋದ್ರು, ಬೆರಳು ಅರ್ಧಕ್ಕ ನಿಂತ್ವು. "ಮೋನೆಲ್ ಒತ್ತಾಕ ಈ ಕೈಲೆ ಆಗಂಗಿಲ್ಲ. ಇವು ಮೆತ್ತಗ ಇದ್ವು. ಒಂದಿಷ್ಟ ದಿವಸ ತಡೀತಾವ, ಸಿಹಿನೀರು, ಸಣ್ಣ ಕೆರಿ, ಅಂದ್ಕೊಂಡ್ನಿ."

ಒಂದು ರಿಪೀಟ್, ಮತ್ತ ಮಳಿ. ಒಂದು ರಿಪೀಟ್, ಮತ್ತ ಮಳಿ. ಮಳಿ ಮ್ಯಾಲ ಪ್ರೀತಿ ಅಂತ ತಿಳದಿದ್ದ ಶಾಣ್ಯಾಕಿ ನಾ.

"ಚಲೋ ಆತು" ಅಂದ್ರು ಕಾಕು, ಸೆರಗಿನ ನೀರು ಹಿಂಡಿಕೋತ. "ನಿಮಗ ಕೈ ನೋಸ್ತದ ಅಂತ ಹೇಳಾಕ ನಾಚಿಕಿ. ಈಕಿಗೆ ತಿಳೀಲಿಲ್ಲ ಅಂತ ಕೇಳಾಕ ನಾಚಿಕಿ. ನಿಮ್ಮಿಬ್ರ ಮರ್ಯಾದಿ ಉಳಸಾಕ ನಾ ಮುದುಕಿ ನೀರಾಗ ಬೀಳಬೇಕಾತು."

ಆಣಿ ಮಾತು ಯಾರೂ ತಗೀಲಿಲ್ಲ, ಆದ್ರ ಮೂವರ ತಲ್ಯಾಗೂ ಅದ ಇತ್ತು. ಕಾಕಾ ಬೂಮ್ ಮ್ಯಾಲಿನ ಕೆಸರು ಅಂಗಿ ತುದೀಲೆ ಒರಸ್ತಿದ್ರು, ಕೂಸಿನ ಮೈ ಒರಸಿದಂಗ. ಅದನ್ನ ನೋಡಿ ಕಾಕುನ ಸಿಟ್ಟು ಒಂದಿಷ್ಟು ಇಳೀತು. ನನ್ನ ಕಡೆ ಹೊಳ್ಳಿ ಕೇಳಿದ್ರು.

"ಸುನಂದಾ, ನೆಟ್ಟಗ ಹೇಳು. ಈ ದೋಣಿ ನಿಂಗ ಬೇಕೋ ಬ್ಯಾಡೋ? ಬೇಕಂದ್ರ ಇರಲಿ, ಗಟ್ಟಿ ರಿಪೀಟ್ ತರಸಿ ನೀನ ಹೊಡಿ, ನೀನ ನಡಸು. ಇವರು ಇನ್ನ ಮ್ಯಾಲ ದಂಡಿ ಬಿಟ್ಟ ಹತ್ತಂಗಿಲ್ಲ. ಬ್ಯಾಡಂದ್ರ ನಾಳೆ ಭಂಗಾರದಾವ ಬರ್ತಾನ."

ಕಾಕಾ ಒರಸೂದು ನಿಲ್ಲಿಸಿ ನನ್ನ ನೋಡಿದ್ರು.

ನಾ ಏನನ್ನಬೇಕಿತ್ತು? "ಕಾಕು, ಹಂಗ ಮಾಡಬ್ಯಾಡ್ರಿ, ದೋಣಿ ಅವರದು, ನನ್ನ ಜೋಡಿ ಬರಲಿ, ನಾ ನೋಡಿಕೋತೀನಿ" ಅನ್ನಬೇಕಿತ್ತು. ನೀವಾಗಿದ್ರ ಅಂತಿದ್ರಿ. ನಾನೂ ಮನಿಗೆ ಹೋಗೂ ದಾರ್ಯಾಗ, ದೇಸೂರ ದಾಟೂದ್ರಾಗ, ಅದನ್ನ ಚಂದಂಗ ಜೋಡಿಸಿ ಸ್ಕೂಟಿ ಮ್ಯಾಲ ಒಬ್ಬಾಕಿನ ಅಂದ್ನಿ. ಆದ್ರ ಅಲ್ಲಿ, ಕೆಸರಿನ್ಯಾಗ, ಕಾಕುನ ಮಾತು ಮುಗಿಯೂದಕ್ಕ ಪುರಸೊತ್ತಿಲ್ಲ, ನನ್ನ ಬಾಯಿಂದ ಬಂದದ್ದು ಒಂದ ಮಾತು.

"ಬೇಕ್ರಿ."

ಲಗ್ನಾದಾಗಿಂದ ನಾ ನನ್ನ ಸಲುವಾಗಿ ಆ ಮಾತು ಅಷ್ಟು ಜೋರಾಗಿ ಯಾರ ಮುಂದೂ ಅಂದಿದ್ದಿಲ್ಲ. ಎಷ್ಟೋ ವರ್ಷ ಅನ್ನಾಕ ನಾಚಿಕಿ ಪಟ್ಟ ಮಾತು, ಬರಬಾರದ ಹೊತ್ತಿನ್ಯಾಗ, ಇನ್ನೊಬ್ಬರ ಕೈಯಾಗಿಂದು ಕಸಕೊಂಡಂಗ ಬಂತು.

ಕಾಕಾ ಗೋಣು ಹಾಕಿದ್ರು. "ಚಾಂಗಲಾ, ಚಲೋ" ಅಂದ್ರು. ಮತ್ತ ಒರಸಾಕ ಹತ್ತಿದ್ರು.

ವಾಸ್ಕೋದಿಂದ ಮೋನೆಲ್ ಬಂದ್ವು. ಅಂಗೈ ಮ್ಯಾಲ ಹಾಕಿ ನೋಡಿದ್ನಿ, ಖರೇನ ತೂಕ ಬ್ಯಾರೆ. ಕಾಕಾ ಕುರ್ಚಿ ಮ್ಯಾಲ ಕುಂತು ಹೇಳಿದ್ರು, ನಾ ಸ್ಟೀಲ್ ಪಟ್ಟಿ ಮತ್ತ ಪೈಪಿನ ನಡುವ ಮುಲಾಮಿನಂಥಾದ್ದು ಹಚ್ಚಿ ತೂತಿಗೆ ತೂತು ಕೂಡಿಸಿದ್ನಿ. ಗನ್ ನನ್ನ ಒಬ್ಬಾಕಿ ಕೈಗೆ ಬಗ್ಗಲಿಲ್ಲ. ಕಾಕು ಅಡಗಿಮನ್ಯಾಗಿಂದ ರೊಟ್ಟಿ ಹಿಟ್ಟಿನ ಕೈಲೆ ಬಂದು ನನ್ನ ಕೈ ಮ್ಯಾಲ ಕೈ ಇಟ್ಟು ಒತ್ತಿದ್ರು. "ಒತ್ತವಾ, ನಿಮ್ಮತ್ತಿ ಗಂಟಲಾ ಅಂತ ತಿಳಕೊಂಡ ಒತ್ತು" ಅಂದ್ರು. ಇಬ್ರೂ ನಕ್ಕೋತ ಒತ್ತಿದ್ವಿ. ಬಾಲ ಕಡದಾಗೊಮ್ಮೆ ಕಾಕಾ ಕುರ್ಚಿ ಮ್ಯಾಲ ಕುಂತ ಜಾಗಾದಾಗ "ಹಾಂ" ಅಂತಿದ್ರು. ನಾ ಅವರ ಮಾರಿ ನೋಡದನ ಮುಂದಿನ ರಿಪೀಟ್ ತಗೋತಿದ್ನಿ.

ಸ್ವಾತಿ ಮಳಿ ಒಂದೆರಡು ಹನಿ ಉದುರಿಸಿ ಹೋದ ಮುಂಜಾನೆ ದೋಣಿ ನೀರಿಗೆ ಇಳಿಸಿದ್ವಿ. ನಾ ಒಬ್ಬಾಕಿನ ಹತ್ತಿದ್ನಿ. ಕಾಕಾ ಪ್ಯಾಂಟ್ ಮಡಚಿ ಮೊಣಕಾಲ ತನಕ ನೀರಾಗ ಬಂದು, ದೋಣಿ ಅಂಚು ಹಿಡಕೊಂಡು, ಗಾಳಿ ನೋಡಿದ್ರು. "ಹಗ್ಗ ಕೈಗೆ ಸುತ್ತಬ್ಯಾಡ. ಹೊಳ್ಳಿಸೂವಾಗ ತಲಿ" ಅಂದ್ರು. ಇನ್ನ ಏನೋ ಹೇಳೂದಿತ್ತು ಅನಸ್ತದ, ಅಂಚು ಬಿಡಲಿಲ್ಲ. ಆ ಗಂಟ ಕಟ್ಟಿದ ಬೆರಳು ಹಂಗ ಇದ್ವು. ನಾ ಮುಂದ ನೀರಿನ ಕಡೆ ನೋಡಿದ್ನಿ. ಆಮ್ಯಾಲ ದೂಡಿದ್ರು.

ಹಾಯಿ ತುಂಬಿತು. ಪಟ್ಟಿ ಮಿಸುಕಲಿಲ್ಲ. ನೀರು ಅಂಚಿಗೆ ಸರಸರ ಅಂತಿತ್ತು. ಬೆನ್ನಿನ ಮ್ಯಾಲ ನನಗ ಗೊತ್ತಾಗ್ತಿತ್ತು, ಕಾಕಾ ಇನ್ನೂ ನೀರಾಗ ನಿಂತಾರ, ನೋಡಾಕ ಹತ್ಯಾರ. ಒಮ್ಮೆ ಹೊಳ್ಳಿ ಕೈ ಮಾಡೂದು ಮನುಷ್ಯಾರ ಲಕ್ಷಣ. ಮಾಡಲಿಲ್ಲ. ಹೊಳ್ಳಿದ್ರ ಅವರಿಗೆ ನನ್ನ ಮಾರಿ ಕಾಣ್ತಿತ್ತು, ನಾ ಬಾಯಿ ತುಂಬ ನಗ್ತಿದ್ನಿ.